ಸೇವಂತಿಗೆ ಮುಡಿದ ಸೈಕಲ್

ಕ್ಯೋಟೋದಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿಯೊಂದು ನನ್ನ ಹಾಸ್ಟೆಲಿನ ಗೋಡೆಯ ಮೇಲಿತ್ತು. ಬಂಗಾರದ ಗುಡಿ, ಕಲ್ಲಿನ ತೋಟ, ಬಿದಿರಿನ ಕಾಡು ಎಂದೆಲ್ಲ ಇಪ್ಪತ್ತೆರಡು ಹೆಸರು. ಅಲ್ಲಿದ್ದಷ್ಟು ಕಾಲದಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ನೋಡಿದೆ. ಆದರೂ ಊರಿನಲ್ಲಿ ಯಾರಾದರೂ "ಕ್ಯೋಟೋದಲ್ಲಿ ಏನೇನು ನೋಡಿದೆ?" ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಪಟ್ಟಿಯಲ್ಲಿ ಇಲ್ಲದ ಜಾಗ, ಮಾರುತಾಮಾಚಿ ರಸ್ತೆಯ ಒಂದು ಪೊಲೀಸ್ ಚೌಕಿ. ಸೈಕಲ್ ಕದ್ದಿರಬಹುದು ಎಂಬ ಅನುಮಾನದ ಮೇಲೆ ಒಂದು ಭಾನುವಾರ ಅಲ್ಲಿ ಎರಡೂವರೆ ಗಂಟೆ ಕೂತಿದ್ದೆ.

ಸ್ಟೇಷನ್ನಿಗೆ ಪದ್ಮಿನಿ ಬಂದಳು

ಎರಡು ಸಾವಿರನೇ ಇಸವಿಗೆ ಇನ್ನು ಮೂರು ತಿಂಗಳೂ ಇರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಪದ್ಮಿನಿ ಬೆಂಗಳೂರಿನ ಒಂದು ಕಂಪನಿಯ ಪರವಾಗಿ ಟೋಕಿಯೋಗೆ ಬಂದು ಪಕ್ಕದ ಗ್ಯೋಟೋಕುವಿನಲ್ಲಿ ಮನೆ ಮಾಡಿದ್ದಳು. ನಾನು ಭತ್ತದ ಬೇರಿನ ಬೆನ್ನು ಹತ್ತಿ ಪಿಎಚ್.ಡಿ. ಮಾಡಲು ಕ್ಯೋಟೋಗೆ ಬಂದು ಒಂದೂವರೆ ವರ್ಷವಾಗಿತ್ತು. ಪದ್ಮಿನಿಯ ಕೆಲಸ ಏನೆಂದು ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಮೂರು ಸಲ ಸೋತಿದ್ದೆ. ಹಳೆಯ ಕಂಪ್ಯೂಟರುಗಳಿಗೆ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಗೊತ್ತು, ಸೊನ್ನೆ ಸೊನ್ನೆ ಬಂದ ಕೂಡಲೇ ಅವು ನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತವೆ, ಹೋಗದ ಹಾಗೆ ಇವಳು ನೋಡಿಕೊಳ್ಳುತ್ತಾಳೆ ಎಂದೆ. "ಹೋದ್ರೆ ಹೋಗ್ಲಿ ಬಿಡೇ, ಎಲ್ಲಾ ಸೋವಿ ಆಗುತ್ತೆ" ಎಂದರು ಅಮ್ಮ.

ಏಳು ವಾರದಲ್ಲಿ ಪದ್ಮಿನಿಗೆ ಸಿಕ್ಕ ಮೊದಲ ಭಾನುವಾರ ಅದು. ಬೆಳಗಿನ ಮೊದಲ ರೈಲು ಹಿಡಿದು ಬಂದು, ಸಂಜೆಯ ರೈಲಿಗೆ ವಾಪಸು ಹೋಗುವವಳು. ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಕಂಡವಳೇ ಕುಶಲ ಕೇಳುವ ಬದಲು ಒಂದು ಡಬ್ಬಿ ಕೈಗಿಟ್ಟಳು.

"ಪುಳಿಯೋಗರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದ್ದು. ಒಗ್ಗರಣೆ ಸದ್ದಿಗೆ ಪಕ್ಕದ ಮನೆ ಅಜ್ಜಿ ಲೈಟ್ ಹಾಕಿದ್ರು. ನಾಳೆ ಹೋಗಿ ಸುಮಿಮಾಸೆನ್, ತಪ್ಪಾಯ್ತು ಅಂತ ಹೇಳ್ಬೇಕು."

ನಮ್ಮ ಜೊತೆ ಹೊರಟ ಮೂರನೆಯವರು ಗುರುಪ್ರಸಾದ್. ತುಮಕೂರಿನವರು, ರಸಾಯನಶಾಸ್ತ್ರದಲ್ಲಿ ಸಂಶೋಧನೆ, ಜಪಾನಿಗೆ ಬಂದು ನಾಲ್ಕು ವರ್ಷ. ಆ ನಾಲ್ಕು ವರ್ಷದ ಬಲದ ಮೇಲೆ ಅವರು ಏನು ಕೇಳಿದರೂ "ಇಲ್ಲೆಲ್ಲ ಹಾಗೇ ಕಣ್ರೀ" ಎನ್ನುತ್ತಿದ್ದರು. ಆ ಉತ್ತರದಿಂದ ನನಗೆ ಇದುವರೆಗೂ ಒಂದು ಉಪಯೋಗವೂ ಆಗಿಲ್ಲ. ಮೂವರೂ ಸೈಕಲ್ ತುಳಿದುಕೊಂಡು ಊರಿನ ಪಶ್ಚಿಮಕ್ಕಿರುವ ಅರಾಶಿಯಾಮಾಕ್ಕೆ ಹೋಗಿ, ನದಿ ದಂಡೆಯಲ್ಲಿ ಕೂತು ಊಟ ಮಾಡುವುದೆಂದು ಮಾತಾಗಿತ್ತು.

ಆ ದಿನ ನಾನು ನಗುನಗುತ್ತಲೇ ಇದ್ದೆನಾದರೂ ಒಂದು ಚಿಂತೆಯಿತ್ತು. ನನ್ನ ವೀಸಾ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಜಪಾನಿನಲ್ಲಿ ಪರದೇಶದವರು ನೆಲೆಸಬೇಕಾದರೆ ಒಬ್ಬರು ಜಾಮೀನು ನಿಲ್ಲಬೇಕು. ನನಗೆ ನಿಂತವರು ನಮ್ಮ ಪ್ರೊಫೆಸರ್. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರು ಹೊಸ ಜಾಮೀನು ಪತ್ರಕ್ಕೆ ಸಹಿ ಹಾಕುವವರಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ಲ್ಯಾಬಿಗೆ ಸೇರಿದ ದಿನ ನನಗೆ ಒಂದೇ ಒಂದು ನಿಯಮ ಹೇಳಿದ್ದರು: "ಕೆಲಸ ತಪ್ಪಾದರೆ ತಿದ್ದೋಣ. ಪೊಲೀಸರಿಂದ ನನಗೆ ಫೋನ್ ಬರಬಾರದು." ಹಿಂದೆ ಒಬ್ಬ ವಿದ್ಯಾರ್ಥಿಯ ವಿಷಯಕ್ಕೆ ಒಮ್ಮೆ ಫೋನ್ ಬಂದಿತ್ತಂತೆ. ಆ ವಿದ್ಯಾರ್ಥಿಯ ಮೇಜು ಈಗ ನನ್ನದಾಗಿತ್ತು.

ಹಾಸ್ಟೆಲಿನ ಸೈಕಲ್ ಷೆಡ್ಡು

ಆಯುಧಪೂಜೆ ಮರುದಿನ. ಆದರೆ ಸೋಮವಾರ ಯಾರಿಗೂ ರಜೆಯಿಲ್ಲ. "ಭಾನುವಾರ ಮಾಡಿದ್ರೂ ದೇವಿ ಅಡ್ಜಸ್ಟ್ ಮಾಡ್ಕೋತಾಳೆ" ಎಂದು ಗುರುಪ್ರಸಾದ್ ತೀರ್ಪು ಕೊಟ್ಟರು. ನಮ್ಮ ಮೂವರಲ್ಲಿ ಆಯುಧ ಎನ್ನಬಹುದಾದದ್ದು ಸೈಕಲ್ ಒಂದೇ. ಅದಿಲ್ಲದೆ ಕ್ಯೋಟೋದಲ್ಲಿ ವಿದ್ಯಾರ್ಥಿಗೆ ಕಾಲೇ ಇಲ್ಲ.

ನನ್ನ ಸೈಕಲಿನ ಬಗ್ಗೆ ಎರಡು ಮಾತು ಹೇಳಬೇಕು. ನಾವು ಕ್ಯೋಟೋದ ಕನ್ನಡಿಗರು ಹೊಸದಾಗಿ ಏನನ್ನೂ ಕೊಳ್ಳುತ್ತಿರಲಿಲ್ಲ. ಊರಿಗೆ ಹೊರಟವರು ತಮ್ಮ ಕುಕ್ಕರು, ಇಡ್ಲಿ ತಟ್ಟೆ, ಸೈಕಲ್ಲುಗಳನ್ನು ಆಮೇಲೆ ಬಂದವರಿಗೆ ಬಿಟ್ಟುಹೋಗುತ್ತಿದ್ದರು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ನನ್ನ ಕುಕ್ಕರಿನ ಹಿಡಿಯ ಮೇಲೆ ನಾನು ಕಂಡೇ ಇರದ ಯಾರದೋ ಇನಿಷಿಯಲ್ ಇತ್ತು. ಸೈಕಲ್ಲನ್ನು ರಘುನಂದನ್ ಎಂಬವರು ಗುರುಪ್ರಸಾದರಿಗೆ ಕೊಟ್ಟಿದ್ದರು, ಗುರುಪ್ರಸಾದ್ ಗೇರಿನ ಸೈಕಲ್ ಕೊಂಡಾಗ ನನಗೆ ದಾಟಿಸಿದ್ದರು. ರಘುನಂದನರಿಗೆ ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ. ಬಾವಿಗೆ ನೀರು ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ? ಹಸಿರು ಬಣ್ಣದ, ಹಳೆಯ, ಗಟ್ಟಿ ಸೈಕಲ್. ಬೆಲ್ ಮಾತ್ರ ಹೊಸದರಂತೆ ಟ್ರಿಣ್ ಎನ್ನುತ್ತಿತ್ತು.

ಹಿಂದಿನ ವರ್ಷಗಳಲ್ಲಿ ಗುರುಪ್ರಸಾದ್ ಒಂದು ಚಿಟಿಕೆ ಕುಂಕುಮದಲ್ಲಿ ಪೂಜೆ ಮುಗಿಸುತ್ತಿದ್ದರು. ಈ ಸಲ ನನಗೆ ಅದು ಒಪ್ಪಿಗೆಯಾಗಲಿಲ್ಲ. ಸೇವಂತಿಗೆ ಇಲ್ಲದ ಆಯುಧಪೂಜೆ ಉಪ್ಪಿಲ್ಲದ ಸಾರು. ಹಿಂದಿನ ಸಂಜೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ನೋಡಿದರೆ ಬಾಗಿಲ ಬಳಿ ಬಕೆಟ್ಟಿನಲ್ಲಿ ಬಿಳಿ ಮತ್ತು ಹಳದಿ ಸೇವಂತಿಗೆಯ ಕಟ್ಟುಗಳು, ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದವು. ಮೈಸೂರಿನ ಮಾರುಕಟ್ಟೆಯೇ ಕಣ್ಣೆದುರು ಬಂತು. ಒಟ್ಟಿಗೆ ಆರು ಕಟ್ಟು ಎತ್ತಿಕೊಂಡೆ. ಕೌಂಟರಿನ ಹೆಂಗಸು ನನ್ನನ್ನೊಮ್ಮೆ, ಆರು ಕಟ್ಟನ್ನೊಮ್ಮೆ ನೋಡಿ, ಮುಖ ಸಣ್ಣದು ಮಾಡಿಕೊಂಡು ತುಂಬಾ ಹೊತ್ತು ತಲೆ ಬಾಗಿಸಿದಳು. ಎಂಥ ವಿನಯ ಎಂದುಕೊಂಡೆ. ನಮ್ಮಲ್ಲಿ ಹೂವಿನವಳು ಚೌಕಾಸಿ ಮಾಡಿದವರನ್ನು ಬೈಯದೆ ಕಳಿಸಿದರೆ ಅದೇ ದೊಡ್ಡದು.

ಭಾನುವಾರ ಬೆಳಿಗ್ಗೆ ಷೆಡ್ಡಿನಲ್ಲಿ ಮೂರೂ ಸೈಕಲ್ ಒರೆಸಿ ನಿಲ್ಲಿಸಿದೆವು. ಪದ್ಮಿನಿಗೆಂದು ಹಾಸ್ಟೆಲಿನ ಗೆಳತಿಯೊಬ್ಬಳ ಸೈಕಲ್ ಕೇಳಿ ತಂದಿದ್ದರಿಂದ ಅದಕ್ಕೆ ಒಂದೇ ಹೂವು, ಅದೂ ಹೆದರುತ್ತ. ಉಳಿದದ್ದೆಲ್ಲ ನನ್ನದಕ್ಕೆ ಮತ್ತು ಗುರುಪ್ರಸಾದರದಕ್ಕೆ. ಹ್ಯಾಂಡಲ್ಲಿಗೆ ಮಾಲೆ, ಬುಟ್ಟಿಗೆ ಮಾಲೆ, ಸೀಟಿನ ಹಿಂದೆ ಗೊಂಚಲು. ಕುಂಕುಮ ಕಲಸಿ ಮಡ್‌ಗಾರ್ಡಿಗೆ ಬೊಟ್ಟು ಇಟ್ಟೆ, ಅದು ಸ್ವಲ್ಪ ಹರಿಯಿತು. ಬೂದುಗುಂಬಳ ಸಿಗಲಿಲ್ಲ. ಹಸಿರು ಬಣ್ಣದ ಜಪಾನಿ ಕುಂಬಳ ಒಡೆಯೋಣವೆಂದರೆ ವಾರ್ಡನ್ನಿನ ನೆನಪಾಗಿ ಬಿಟ್ಟೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದಾಗ ಪದ್ಮಿನಿ ಚಪ್ಪಾಳೆ ತಟ್ಟಿದಳು.

"ಫ್ರೇಮ್ ಮೇಲೆ ಗಣಪತಿ ಸ್ಟಿಕ್ಕರ್ ಇದೆಯಲ್ಲ, ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನೇ" ಎಂದರು ಗುರುಪ್ರಸಾದ್. "ಅಲ್ಲಿ ಯಾವ್ದೋ ಹಳೇ ಕೇಸರಿ ಲೇಬಲ್ ಇತ್ತು, ಅಂಗಡಿಯವ್ರದ್ದು ಅನ್ಸುತ್ತೆ. ಕೀಳಕ್ಕೆ ನೋಡ್ದೆ, ಬರ್ಲಿಲ್ಲ. ಅಸಹ್ಯವಾಗಿ ಕಾಣ್ತಿತ್ತು, ಅದಕ್ಕೇ ಮೇಲೆ ಗಣಪತಿ ಅಂಟಿಸ್ಬಿಟ್ಟೆ."

ಕಾಮೊ ನದಿಯ ದಂಡೆ

ಕಾಮೊ ನದಿಯ ಪಕ್ಕದ ಮಣ್ಣಿನ ದಾರಿಯಲ್ಲಿ ಮೂವರೂ ಸಾಲಾಗಿ ಹೊರಟೆವು. ಹಿತವಾದ ಬಿಸಿಲು. ಪದ್ಮಿನಿ ಹತ್ತು ವರ್ಷದ ಮೇಲೆ ಸೈಕಲ್ ಹತ್ತಿದವಳು, ಎದುರಿಗೆ ಬಾತುಕೋಳಿ ಬಂದರೂ ಬ್ರೇಕು ಹಿಡಿಯುತ್ತಿದ್ದಳು.

ಆ ದಿನ ಊರಿಗೆ ಊರೇ ನಮ್ಮನ್ನು ವಿಶೇಷವಾಗಿ ನೋಡುತ್ತಿತ್ತು. ಕ್ಯೋಟೋದವರು ಪರದೇಶದವರನ್ನು ದಿಟ್ಟಿಸುವುದಿಲ್ಲ. ಆದರೆ ಆ ಬೆಳಿಗ್ಗೆ ನಾಯಿ ಹಿಡಿದು ಬರುತ್ತಿದ್ದ ಮುದುಕರೊಬ್ಬರು ದಾರಿ ಬಿಟ್ಟು ನಿಂತು ತಲೆ ತಗ್ಗಿಸಿದರು. ಓಡುತ್ತಿದ್ದ ಒಬ್ಬ ಟೋಪಿ ತೆಗೆದ. ಬೇಸ್‌ಬಾಲ್ ಆಡುತ್ತಿದ್ದ ಮಕ್ಕಳು ಗಲಾಟೆ ನಿಲ್ಲಿಸಿದರು.

"ನಮ್ಮೂರಲ್ಲಿ ಇಷ್ಟು ಮರ್ಯಾದೆ ನಂಗೆ ಯಾವತ್ತೂ ಸಿಕ್ಕಿಲ್ಲ ಕಣೇ" ಎಂದಳು ಪದ್ಮಿನಿ.

"ಇಲ್ಲೆಲ್ಲ ಹಾಗೇ ಕಣ್ರೀ. ಹಬ್ಬ ಅಂದ್ರೆ ತುಂಬಾ ಗೌರವ" ಎಂದರು ಗುರುಪ್ರಸಾದ್. ನಾನು ಹುಮ್ಮಸ್ಸಿನಿಂದ ಬೆಲ್ ಬಾರಿಸಿದೆ.

ಮಾರುತಾಮಾಚಿ ರಸ್ತೆಯ ಚೌಕಿ

ನದಿ ಬಿಟ್ಟು ಪಶ್ಚಿಮಕ್ಕೆ ತಿರುಗಿ ಬಹಳ ದೂರ ಬಂದಮೇಲೆ ಒಂದು ಸಿಗ್ನಲ್ಲಿನಲ್ಲಿ ನಿಂತೆವು. ಪಕ್ಕದಲ್ಲೇ ಪೊಲೀಸ್ ಚೌಕಿ. ನಮ್ಮ ಕಡೆಯ ಪೆಟ್ಟಿಗೆ ಅಂಗಡಿಯಷ್ಟೇ ಗಾತ್ರ, ಎದುರಿಗೆ ಗಾಜಿನ ಬಾಗಿಲು, ಒಳಗೆ ಒಂದು ಮೇಜು. ಅಲ್ಲಿಂದ ಕನ್ನಡಕ ಹಾಕಿದ, ಐವತ್ತರ ಆಸುಪಾಸಿನ ಪೊಲೀಸರೊಬ್ಬರು ಹೊರಬಂದು ಟೋಪಿ ಮುಟ್ಟಿದರು. ಎದೆಯ ಮೇಲೆ ಮೋರಿತಾ ಎಂದಿತ್ತು.

"ಸುಮಿಮಾಸೆನ್. ಯಾರು ತೀರಿಕೊಂಡರು?"

ಜಪಾನಿ ಭಾಷೆಯಲ್ಲಿ ನನ್ನದು ಎರಡನೇ ಕ್ಲಾಸಿನ ಮಗುವಿನ ಮಟ್ಟ. ಆದರೆ ಆ ಪ್ರಶ್ನೆ ಸ್ಪಷ್ಟವಾಗಿ ಅರ್ಥವಾಯಿತು. ಯಾರೂ ಇಲ್ಲ ಎಂದೆ. ಅವರು ಹೂವು ತೋರಿಸಿ ನಿಧಾನವಾಗಿ ವಿವರಿಸಿದರು. ಬಿಳಿ ಹಳದಿ ಸೇವಂತಿಗೆಯನ್ನು ಹೀಗೆ ಕಟ್ಟು ಕಟ್ಟಿ ಮಾರುವುದು ಸಮಾಧಿಗೆ ಇಡಲಿಕ್ಕೆ, ಮನೆಯಲ್ಲಿ ಹಿರಿಯರ ಪಟದ ಮುಂದೆ ಇಡಲಿಕ್ಕೆ. ಸೈಕಲ್ ಮೇಲೆ ಇಷ್ಟು ಹೂವು, ಜೊತೆಗೆ ಕೆಂಪು ಕಲೆ. ಅಪಘಾತವಾದ ಜಾಗಕ್ಕೆ ಹೋಗುತ್ತಿದ್ದೀರಿ ಎಂದುಕೊಂಡೆ, ದಾರಿ ತೋರಿಸೋಣವೆಂದು ಬಂದೆ ಎಂದರು.

"ಮಹಾಲಯ ಮುಗಿದು ವಾರದ ಮೇಲಾಯ್ತು" ಎಂದು ಪದ್ಮಿನಿ ಮೆಲ್ಲಗೆ ಹೇಳಿದಳು. "ನಾವು ಪಿತೃಗಳ ಹೂವಲ್ಲಿ ಆಯುಧಪೂಜೆ ಮಾಡಿದ್ವಾ?"

ಗುರುಪ್ರಸಾದ್ 'ಇಲ್ಲೆಲ್ಲ ಹಾಗೇ' ಎನ್ನಲಿಲ್ಲ. ನಾನು ಇದ್ದ ಬದ್ದ ಜಪಾನಿಯನ್ನೆಲ್ಲ ಕೂಡಿಸಿ ಹೇಳಿದೆ: ನಮ್ಮ ದೇಶದಲ್ಲಿ ವರ್ಷಕ್ಕೊಂದು ದಿನ ನಮಗಾಗಿ ದುಡಿಯುವ ಸಾಮಾನಿಗೆ ಪೂಜೆ ಮಾಡುತ್ತೇವೆ, ಬಸ್ಸಿಗೆ, ಕತ್ತರಿಗೆ, ಕಂಪ್ಯೂಟರಿಗೆ, ಸೈಕಲ್ಲಿಗೆ. ಮೋರಿತಾ-ಸಾನ್ (ನಮ್ಮ 'ಅವರು' ಎಂಬುದಕ್ಕೆ ಅಲ್ಲಿ 'ಸಾನ್') ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಪದ್ಧತಿ ಎಂದರು. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮಾಲೆಯನ್ನು ಮೆಚ್ಚಿಕೊಳ್ಳಲು ಬಗ್ಗಿದವರಿಗೆ ಗಣಪತಿಯ ಅಂಚಿನಲ್ಲಿ ಒಂದು ಕೇಸರಿ ಚೂರು ಕಂಡಿತು.

ಜಪಾನಿನಲ್ಲಿ ಪ್ರತಿ ಸೈಕಲ್ಲಿಗೂ ಪೊಲೀಸರಲ್ಲಿ ಒಂದು ನಂಬರ್ ನೋಂದಾವಣೆ ಆಗಿರುತ್ತದೆ. ಆ ನಂಬರಿನ ಚೀಟಿಯೇ ಗುರುಪ್ರಸಾದರು ಅಂಗಡಿಯ ಲೇಬಲ್ ಎಂದುಕೊಂಡದ್ದು. ಚೀಟಿಯನ್ನು ಮುಚ್ಚುವವರು ಒಂದೇ ಜಾತಿಯ ಜನ.

"ಈ ದೇವರನ್ನು ತೆಗೆಯಬಹುದೇ?" ಎಂದು ಮೋರಿತಾ-ಸಾನ್ ಕೇಳಿದರು. ನಾನು ತಲೆಯಾಡಿಸಿದೆ. ಅವರು ಒಳಗೆ ಹೋಗಿ ಬಿಸಿನೀರಿನಲ್ಲಿ ಅದ್ದಿದ ಟವೆಲ್ ತಂದು ಗಣಪತಿಯ ಮೇಲೆ ಇಟ್ಟು ಕಾದರು. ಆಮೇಲೆ ಉಗುರಿನಿಂದ ಸ್ವಲ್ಪಸ್ವಲ್ಪವೇ ಬಿಡಿಸಿ, ಒಂದು ಬಿಳಿ ಕಾಗದದ ಮೇಲೆ ಇಟ್ಟು, ದೇವರಿಗೂ ಒಂದು ಸುಮಿಮಾಸೆನ್ ಹೇಳಿದರು. ನಂಬರನ್ನು ವೈರ್‌ಲೆಸ್ಸಿನಲ್ಲಿ ಓದಿದರು. ಉತ್ತರ ಬರಲು ಎರಡು ನಿಮಿಷವೂ ಹಿಡಿಯಲಿಲ್ಲ.

"ನಿಮ್ಮ ಹೆಸರು ಓಕಾದಾ ಶೋಜಿ ಅಲ್ಲ" ಎಂದರು.

ಅಲ್ಲ ಎಂದು ಒಪ್ಪಿಕೊಂಡೆ.

ಒಳಗೆ ಕರೆದು ಕೂರಿಸಿದರು. ನನ್ನ ಪರದೇಶಿ ಗುರುತಿನ ಚೀಟಿ ನೋಡಿ ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಂಡರು. ಇಸವಿಯ ಜಾಗದಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಹಾಕಿದ್ದನ್ನು ಪದ್ಮಿನಿ ಕತ್ತು ಚಾಚಿ ನೋಡಿದಳು. "ಇವ್ರಿಗೆ ಯಾವ ಪ್ರಾಬ್ಲಮ್ಮೂ ಇಲ್ಲ ಕಣೇ. ಏಳು ವಾರ ನಾನು ಸುಮ್ನೆ ಸಾಯ್ತಿದೀನಿ" ಎಂದಳು. ನನಗೆ ನಗು ಬರಲಿಲ್ಲ. ಏಕೆಂದರೆ ಮೋರಿತಾ-ಸಾನ್ ಮುಂದಿನ ಸಾಲಿಗೆ ಬಂದಿದ್ದರು.

"ಜಾಮೀನುದಾರರ ಹೆಸರು? ಫೋನ್ ನಂಬರ್?"

ಹೇಳಿದೆ. ನಾಳೆ ಹತ್ತು ಗಂಟೆಗೆ ಸಹಿ, ಇವತ್ತು ಫೋನು. ಆ ಹಿಂದಿನ ವಿದ್ಯಾರ್ಥಿಯ ಮೇಜಿನ ಡ್ರಾಯರಿನಲ್ಲಿ ಅವನು ಬಿಟ್ಟುಹೋದ ಒಂದು ಪೆನ್ಸಿಲ್ ಇತ್ತು. ನಾನು ಏನು ಬಿಟ್ಟುಹೋಗಬಹುದು ಎಂದು ಯೋಚನೆ ಹತ್ತಿತು. ಒಂದೂವರೆ ವರ್ಷದ ಭತ್ತದ ಸಸಿಗಳು ಕಣ್ಮುಂದೆ ಬಂದು ಅಳುವೇ ಬಂತು. ಅಳದೆ ಗುರುಪ್ರಸಾದರ ಮೇಲೆ ಕೆಂಡ ಕಾರಿದೆ.

"ಗಣಪತಿ ಅಂಟಿಸಕ್ಕೆ ಇಡೀ ಸೈಕಲ್ಲಲ್ಲಿ ಬೇರೆ ಜಾಗ ಸಿಗ್ಲಿಲ್ವಾ ನಿಮ್ಗೆ?"

"ವಿಘ್ನ ಬರಬಾರ್ದು ಅಂತ ಅಂಟಿಸಿದ್ದು ಕಣ್ರೀ" ಎಂದರು ಪಾಪ.

ಮೋರಿತಾ-ಸಾನ್ ಕ್ರಮ ವಿವರಿಸಿದರು. ಮೊದಲು ಸೈಕಲಿನ ಯಜಮಾನರಿಗೆ ಫೋನ್. ಅವರು ತಾವೇ ಕೊಟ್ಟದ್ದು ಎಂದರೆ ಸರಿ. ಕಳವಾಗಿದೆ ಎಂದರೆ, ಅಥವಾ ಏನೂ ಗೊತ್ತಿಲ್ಲ ಎಂದರೆ, ಮುಂದಿನ ಫೋನ್ ಜಾಮೀನುದಾರರಿಗೆ. ಅವರು ನಂಬರ್ ತಿರುಗಿಸಿದರು.

"ಪೊಲೀಸ್ ಚೌಕಿಯಿಂದ ಮೋರಿತಾ. ಓಕಾದಾ ಶೋಜಿ-ಸಾನ್ ಮನೆಯಲ್ಲಿದ್ದಾರೆಯೇ?"

ಆ ಕಡೆಯಿಂದ ಏನೋ ಕೇಳಿಸಿತು. ಮೋರಿತಾ-ಸಾನ್ ಕೂತಲ್ಲಿಂದ ಎದ್ದು ಫೋನಿಗೇ ಬಗ್ಗಿ ನಮಸ್ಕರಿಸಿದರು. ಹಸಿರು ಸೈಕಲ್, ಪರದೇಶದ ಹುಡುಗಿ, ಸೇವಂತಿಗೆ ಎಂದು ವಿವರಿಸಿ ಫೋನ್ ಇಟ್ಟರು.

"ಆ ಯಜಮಾನರು ತೀರಿಕೊಂಡು ಏಳು ವರ್ಷವಾಯಿತಂತೆ. ಅವರ ಹೆಂಡತಿ ಬರುತ್ತಿದ್ದಾರೆ. ತಾವು ಬರುವ ತನಕ ನಿಮ್ಮಲ್ಲಿ ಯಾರನ್ನೂ ಕಳಿಸಕೂಡದು ಎಂದರು."

ಕಾಯುವ ಹೊತ್ತು

ಆ ಹೆಂಡತಿ ಓಕಾದಾ-ಸಾನ್ ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬಸ್ಸು ಬದಲಿಸಬೇಕು. 'ಕಳಿಸಕೂಡದು' ಎಂದದ್ದು ಕೋಪದಲ್ಲೋ ಹೇಗೋ ಎಂದು ನಾನು ಮೋರಿತಾ-ಸಾನ್ ಅವರನ್ನು ಕೇಳಿದೆ. ದನಿ ಗಟ್ಟಿಯಾಗಿತ್ತು ಎಂದಷ್ಟೇ ಹೇಳಿದರು. ಗಂಡನ ಸೈಕಲ್ಲಿಗೆ ಯಾರೋ ಸಮಾಧಿಯ ಹೂವು ಕಟ್ಟಿ ಮೆರವಣಿಗೆ ಮಾಡುತ್ತಿದ್ದಾರೆ ಎಂದು ಪೊಲೀಸರಿಂದ ಫೋನ್ ಬಂದರೆ ಯಾವ ಹೆಂಗಸಿನ ದನಿ ಗಟ್ಟಿಯಾಗುವುದಿಲ್ಲ?

ಹೂವು ತೆಗೆದುಬಿಡೋಣವೇ ಎಂದು ಗುರುಪ್ರಸಾದ್ ಎದ್ದರು. ತನಿಖೆ ಮುಗಿಯುವ ತನಕ ಏನನ್ನೂ ಮುಟ್ಟಬಾರದು ಎಂದು ಮೋರಿತಾ-ಸಾನ್ ಕೂರಿಸಿದರು.

ಹನ್ನೆರಡೂವರೆಗೆ ಪದ್ಮಿನಿಯ ಹೊಟ್ಟೆ ಗುರುಗುಟ್ಟಿತು. ಎಲ್ಲರಿಗೂ ಕೇಳಿಸುವಷ್ಟು. ಮೋರಿತಾ-ಸಾನ್ ಮೇಜಿನ ಮೇಲಿನ ಕಾಗದಗಳನ್ನು ಸರಿಸಿ ಜಾಗ ಮಾಡಿಕೊಟ್ಟರು, ಟೀ ಮಾಡಿಕೊಟ್ಟರು. ಡಬ್ಬಿ ತೆರೆದದ್ದೇ ಚೌಕಿಯ ತುಂಬ ಇಂಗು, ಹುಣಸೆ, ಎಳ್ಳಿನ ವಾಸನೆ. ದಾರಿ ಕೇಳಲು ಬಂದ ಅಜ್ಜನೊಬ್ಬ ಮೂಗರಳಿಸಿ, ದಾರಿ ಕೇಳುವುದನ್ನು ಮರೆತು ನಿಂತ. ಪದ್ಮಿನಿ ಮುಚ್ಚಳದಲ್ಲಿ ಹಾಕಿ ಮೋರಿತಾ-ಸಾನ್ ಮುಂದಿಟ್ಟಳು. ಕೆಲಸದ ಹೊತ್ತು, ಬೇಡ ಎಂದರು. ಇನ್ನೊಮ್ಮೆ ಕೊಟ್ಟಳು, ಬೇಡ ಎಂದರು. ನಮ್ಮ ಕಡೆಯ ಬೀಗರೂ ಎರಡು ಸಲ ಬೇಡ ಎನ್ನುತ್ತಾರೆ, ಮೂರನೆಯ ಸಲಕ್ಕೆ ಎಲೆ ಹಾಸಲು ಬಿಡುತ್ತಾರೆ. ಪದ್ಮಿನಿ ಮೂರನೆಯ ಸಲವೂ ಕೊಟ್ಟಳು. ಅವರು ನಾಲ್ಕನೆಯ ಸಲಕ್ಕೂ ಬೇಡವೇ ಎಂದರು.

"ಎಂಥ ಗಟ್ಟಿ ಮನುಷ್ಯ. ಇವ್ರ ಕೈಲಿ ಸಿಕ್ಕಿಹಾಕ್ಕೊಂಡ್ವಲ್ಲ ಶೈಲೂ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಪುಸ್ತಕದಲ್ಲಿ ಬರೆದಿದ್ದ ಪ್ರೊಫೆಸರರ ಫೋನ್ ನಂಬರು ನನ್ನ ಕಡೆಗೆ ತಲೆಕೆಳಗಾಗಿ ಕಾಣುತ್ತಿತ್ತು.

ಓಕಾದಾ-ಸಾನ್

ಗಾಜಿನ ಬಾಗಿಲ ಆಚೆ ಒಂದು ಪುಟ್ಟ ಆಕೃತಿ ಬಂದು ನಿಂತಿತು. ಬೂದು ಬಣ್ಣದ ಕೋಟು, ಬೆಳ್ಳಗಿನ ಕೂದಲು, ಕೈಯಲ್ಲಿ ಬಟ್ಟೆಯ ಗಂಟು. ಆಕೆ ಒಳಗೆ ಬರಲಿಲ್ಲ. ಸೈಕಲಿನ ಹತ್ತಿರ ಹೋದರು. ಹ್ಯಾಂಡಲಿನ ಮಾಲೆ ನೋಡಿದರು, ಕುಂಕುಮದ ಬೊಟ್ಟನ್ನು ಬಗ್ಗಿ ನೋಡಿದರು, ಸೀಟನ್ನು ಅಂಗೈಯಲ್ಲಿ ಒರೆಸಿದರು. ಆಮೇಲೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಗ್ಗಿಸಿ ನಿಂತರು. ರಸ್ತೆಯಲ್ಲಿ ಬಸ್ಸು ಬಂದು ಹೋಯಿತು, ಸಿಗ್ನಲ್ ಎರಡು ಸಲ ಬದಲಾಯಿತು. ಮೋರಿತಾ-ಸಾನ್ ಎದ್ದು ಟೋಪಿ ತೆಗೆದಿದ್ದರು. ನಾವೂ ಎದ್ದೆವು.

ಒಳಗೆ ಬಂದವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು.

"ಹೂವು ಇಟ್ಟವರು ಯಾರು?"

ನಾನು ಮೋರಿತಾ-ಸಾನ್ ಕಡೆ ನೋಡಿದೆ. ಹೂವು ಯಾರಿಗಾಗಿ ಇಟ್ಟದ್ದೆಂದು ಅವರಿಗೆ ಗೊತ್ತು, ಪುಸ್ತಕದಲ್ಲಿ ಬರೆದೂ ಇದ್ದರು. ಅವರು ತಮ್ಮ ಪೆನ್ನಿನ ಮುಚ್ಚಳವನ್ನೇ ನೋಡುತ್ತ, "ಇವರೇ ಇಟ್ಟದ್ದು" ಎಂದರು. ಅದು ಸುಳ್ಳಲ್ಲ. ಆದರೆ ನನಗೆ ತಡೆದುಕೊಳ್ಳಲಾಗಲಿಲ್ಲ. ಗಂಡ ಸತ್ತ ಹೆಂಗಸಿನ ಮುಂದೆ ಇಲ್ಲದ ಭಕ್ತಿಯನ್ನು ಇದೆ ಎಂದು ತೋರಿಸಿ ವೀಸಾ ಉಳಿಸಿಕೊಳ್ಳುವುದು ಬೇಡ ಅನ್ನಿಸಿತು. ಕ್ಷಮಿಸಿ, ಈ ಹೂವು ನಿಮ್ಮ ಯಜಮಾನರಿಗೆಂದು ಇಟ್ಟದ್ದಲ್ಲ, ಅವರ ಹೆಸರೇ ನನಗೆ ಗೊತ್ತಿರಲಿಲ್ಲ, ಇದು ಸೈಕಲ್ಲಿಗೆ ಇಟ್ಟದ್ದು, ನಮ್ಮ ಹಬ್ಬ ಎಂದು ತಡವರಿಸುತ್ತ ಹೇಳಿದೆ.

"ಗೊತ್ತು" ಎಂದರು ಓಕಾದಾ-ಸಾನ್. "ರಘು-ಸಾನ್ ಕೂಡ ವರ್ಷಕ್ಕೊಂದು ಸಲ ಹೀಗೇ ಮಾಡುತ್ತಿದ್ದ."

ಗುರುಪ್ರಸಾದ್ ಕುರ್ಚಿಯ ಮೇಲೆ ಕೂತುಬಿಟ್ಟರು.

ರಘುನಂದನ್ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರಂತೆ. ಗಂಡ ಸತ್ತ ಮೇಲೆ ಸೈಕಲ್ ಒಂದು ವರ್ಷ ಅಲುಗದೆ ಗೋಡೆಗೆ ಒರಗಿತ್ತು. ವಿಶ್ವವಿದ್ಯಾಲಯಕ್ಕೆ ನಡೆದು ಹೋಗುತ್ತಿದ್ದ ರಘುವಿಗೆ ಅದನ್ನು ಕೊಟ್ಟು ಒಂದೇ ಮಾತು ಹೇಳಿದ್ದರು, ನಿಲ್ಲಿಸಬೇ‌ಡ, ಓಡುತ್ತಿರಲಿ ಎಂದು. ಒಂದು ಬೆಳಿಗ್ಗೆ ನೋಡಿದರೆ ಸೈಕಲಿನ ತುಂಬ ಸೇವಂತಿಗೆ.

"ಮೊದಲನೆಯ ವರ್ಷ ನೋಡಿ ಅತ್ತುಬಿಟ್ಟೆ. ತೀರಿಕೊಂಡವರಿಗೆ ಇದೇ ಹೂವು ಇಡುವುದೆಂದು ಇವನಿಗೆ ಯಾರು ಹೇಳಿದರು ಎಂದುಕೊಂಡೆ. ಆಮೇಲೆ ತನ್ನ ತಪ್ಪು ಗೊತ್ತಾಗಿ ರಘು-ಸಾನ್ ಕೂಡ ಅತ್ತ. ಮರುವರ್ಷದಿಂದ ಹೂವು ನಾನೇ ತಂದುಕೊಟ್ಟೆ." ಆಕೆ ನಕ್ಕರು. "ಅವನು ಊರಿಗೆ ಹೋಗುವಾಗ ಸೈಕಲ್ ಏನು ಮಾಡಿದೆ ಎಂದು ಕೇಳಲು ಬಾಯಿ ಬರಲಿಲ್ಲ. ಎಸೆದಿರುತ್ತಾನೆ ಎಂದುಕೊಂಡಿದ್ದೆ. ಇವತ್ತು ಇವರು ಸೇವಂತಿಗೆ ಎಂದಾಗ ತಿಳಿಯಿತು. ನೀವು ಹೊರಟುಬಿಟ್ಟರೆ ನನಗೆ ನೋಡಲು ಸಿಗುವುದಿಲ್ಲವಲ್ಲ, ಅದಕ್ಕೆ ಕಳಿಸಬೇಡಿ ಎಂದೆ."

ಪದ್ಮಿನಿಗೆ ಜಪಾನಿ ಅಷ್ಟಕ್ಕಷ್ಟೇ. "ಏನಂತೆ? ಏನಂತೆ?" ಎಂದು ನನ್ನ ತೋಳು ಜಗ್ಗುತ್ತಿದ್ದಳು. ಹೇಳಿದ ಮೇಲೆ ಮೂಗು ಒರೆಸಿಕೊಂಡು, ಮುಚ್ಚಳದಲ್ಲಿದ್ದ ಪುಳಿಯೋಗರೆಯನ್ನು ಓಕಾದಾ-ಸಾನ್ ಮುಂದಿಟ್ಟಳು. ಅವರು ಒಂದು ಸಲವೂ ಬೇಡ ಎನ್ನಲಿಲ್ಲ. ಆಕೆ ತಿನ್ನುವುದನ್ನು ನೋಡಿ ಮೋರಿತಾ-ಸಾನ್ ಒಮ್ಮೆ ಗಡಿಯಾರ ನೋಡಿದರು, ಒಂದು ಚಮಚ ತಿಂದರು, ಟೀ ಕುಡಿದು ಕೆಮ್ಮಿದರು.

ಪ್ರೊಫೆಸರರಿಗೆ ಫೋನ್ ಹೋಗಲಿಲ್ಲ. ಮೋರಿತಾ-ಸಾನ್ ಆ ಸಾಲಿನ ಮೇಲೆ ಸ್ಕೇಲಿಟ್ಟು ಎರಡು ನೇರ ಗೆರೆ ಎಳೆದರು. ಇನ್ನು ಉಳಿದದ್ದು ಸೈಕಲ್ಲನ್ನು ನನ್ನ ಹೆಸರಿಗೆ ಮಾಡುವುದು. ಓಕಾದಾ-ಸಾನ್ ಬಟ್ಟೆಯ ಗಂಟಿನಿಂದ ಹೆಸರಿನ ಮೊಹರು ತೆಗೆದು, ಊದಿ, ಕಾಗದಕ್ಕೆ ಒತ್ತಿದರು. ಈ ಕಾಗದ ತೋರಿಸಿದರೆ ಸೈಕಲ್ ಅಂಗಡಿಯವರು ಹೊಸ ನಂಬರ್ ಹಾಕುತ್ತಾರೆ, ಹಳೆಯ ದಾಖಲೆ ರದ್ದಾಗುತ್ತದೆ ಎಂದರು ಮೋರಿತಾ-ಸಾನ್.

"ರದ್ದಾದರೆ ಇನ್ನು ಅವರನ್ನು ಕೇಳಿಕೊಂಡು ಫೋನ್ ಬರುವುದಿಲ್ಲ ಅಲ್ಲವೇ?" ಎಂದು ಕೇಳಿದರು ಓಕಾದಾ-ಸಾನ್.

ಬರುವುದಿಲ್ಲ ಎಂದರು ಮೋರಿತಾ-ಸಾನ್.

"ಹೋದ ಹೊಸದರಲ್ಲಿ ಬರುತ್ತಿತ್ತು. ಹಲ್ಲಿನ ಡಾಕ್ಟರು, ಗಾಳದ ಅಂಗಡಿಯವರು. ಪ್ರತಿ ಸಲವೂ ಇಲ್ಲ ಎಂದು ಹೇಳಿ ಸಾಕಾಗಿತ್ತು. ಆಮೇಲೆ ನಿಂತೇಹೋಯಿತು." ಆಕೆ ಮೊಹರನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಇವತ್ತು ಎಷ್ಟೋ ವರ್ಷದ ಮೇಲೆ ಯಾರೋ ಅವರ ಪೂರ್ತಿ ಹೆಸರು ಹಿಡಿದು, ಇದ್ದಾರೆಯೇ ಎಂದು ಕೇಳಿದರು. ಕೇಳಲು ಚೆನ್ನಾಗಿತ್ತು."

ಇಡೀ ಬೆಳಿಗ್ಗೆ ನಾನು ಒಂದು ಫೋನ್ ಬಾರದಿರಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೆ. ಹೊರಗೆ ಹೋಗಿ ಮಾಲೆಯಿಂದ ಒಂದು ಹಳದಿ ಸೇವಂತಿಗೆ ಬಿಡಿಸಿ ತಂದು ಅವರ ಕೈಗೆ ಕೊಟ್ಟೆ. ಆಕೆ ತಮ್ಮ ಮನೆಯ ನಂಬರ್ ಬರೆದುಕೊಟ್ಟರು.

ಅರಾಶಿಯಾಮಾ, ಸಂಜೆ ನಾಲ್ಕು

ಬಿದಿರಿನ ಕಾಡನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದೆವು. ಬಿದಿರು ಎತ್ತರವಾಗಿತ್ತು. ನದಿ ದಂಡೆಯಲ್ಲಿ ಡಬ್ಬಿ ತೆರೆದರೆ ತಳದಲ್ಲಿ ಕಡಲೆಕಾಯಿ ಬೀಜ ಮಾತ್ರ ಉಳಿದಿತ್ತು. ಕೊಂಬಿನಿ ಎಂಬ ಹಗಲೂ ರಾತ್ರಿ ತೆರೆದಿರುವ ಅಂಗಡಿಯಿಂದ ಬ್ರೆಡ್ಡು ತಂದು ತಿಂದೆವು.

"ರಘು ನಂಗೆ ಒಂದ್ ಮಾತೂ ಹೇಳ್ಲಿಲ್ಲ ಕಣ್ರೀ" ಎಂದು ಗುರುಪ್ರಸಾದ್ ಎರಡನೆಯ ಸಲ ಹೇಳಿದರು. "ಓಡಿಸ್ತಾ ಇರಿ ಅಂತ ಮಾತ್ರ ಹೇಳಿದ್ದ. ಎಲ್ರೂ ಹೇಳೋ ಮಾತು ಅಂದ್ಕೊಂಡೆ."

ಸ್ಟೇಷನ್ನಿನಲ್ಲಿ ಪದ್ಮಿನಿ ರೈಲು ಹತ್ತುವಾಗ ಅವಳ ಬ್ಯಾಗಿನ ಪಟ್ಟಿಯಲ್ಲಿ ಒಂದು ಬಿಳಿ ಸೇವಂತಿಗೆ ಸಿಕ್ಕಿಕೊಂಡಿತ್ತು. ಎದುರು ಸೀಟಿನಲ್ಲಿದ್ದ ಗಂಡಸು ಅದನ್ನು ನೋಡಿ ತಲೆ ಬಾಗಿಸಿದ. ಅವಳೂ ಬಾಗಿಸಿದಳು.

ಸೋಮವಾರ ಹತ್ತು ಗಂಟೆಗೆ ಪ್ರೊಫೆಸರ್ ಸಹಿ ಹಾಕಿ, ಭಾನುವಾರ ಹೇಗಿತ್ತು ಎಂದು ಕೇಳಿದರು. ಪ್ರಶಾಂತವಾಗಿತ್ತು ಎಂದೆ.

ಮರುವರ್ಷ

ಜನವರಿ ಒಂದರಂದು ಲೋಕ ಮುಳುಗಲಿಲ್ಲ. "ಒಂದ್ ಬಲ್ಬೂ ಮಿಣುಕ್ಲಿಲ್ಲ ಕಣೇ" ಎಂದು ಫೋನಿನಲ್ಲಿ ಹೇಳಿದ ಪದ್ಮಿನಿಯ ದನಿಯಲ್ಲಿ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಬೇಸಿಗೆಯಲ್ಲಿ ಗುರುಪ್ರಸಾದ್ ತುಮಕೂರಿಗೆ ಹೊರಟುಹೋದರು. ಆಯುಧಪೂಜೆ ಬಂದಾಗ ಷೆಡ್ಡಿನಲ್ಲಿ ನಾನೊಬ್ಬಳೇ. ಸೂಪರ್ ಮಾರ್ಕೆಟ್ಟಿನ ಹೆಂಗಸು ಮುಖ ಸಣ್ಣದು ಮಾಡಿ ತಲೆ ಬಾಗಿಸಿದಳು, ನಾನೂ ಹಾಗೆಯೇ ಮಾಡಿದೆ. ಹೊಸ ಚೀಟಿ ನನ್ನ ಹೆಸರಿನಲ್ಲಿತ್ತು. ಗಣಪತಿ ಅದರ ಪಕ್ಕದಲ್ಲಿ, ಮುಚ್ಚದ ಹಾಗೆ.

ಪೂಜೆ ಮುಗಿಸಿ ಹಾಸ್ಟೆಲಿನ ಮೆಟ್ಟಿಲ ಕೆಳಗಿದ್ದ ಹಸಿರು ಕಾಯಿನ್ ಫೋನಿನ ಮುಂದೆ ನಿಂತೆ. ಆ ವರ್ಷದಲ್ಲಿ ಓಕಾದಾ-ಸಾನ್ ಮನೆಗೆ ಎರಡು ಮೂರು ಸಲ ಹೋಗಿ ಬಂದಿದ್ದೆ, ಆದರೆ ಫೋನ್ ಮಾಡಿರಲಿಲ್ಲ. ಹೇಳಬೇಕಾದ ವಾಕ್ಯವನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡೆ. ಆಕೆಗೆ ನೋವಾದರೆ ಎಂದು ಹೆದರಿಕೆಯಿತ್ತು. ನಂಬರ್ ಒತ್ತಿದೆ. ಆ ಕಡೆ ಎತ್ತಿದರು.

"ಓಕಾದಾ ಶೋಜಿ-ಸಾನ್ ಮನೆಯಲ್ಲಿದ್ದಾರೆಯೇ?" ಎಂದು ಕೇಳಿದೆ.

ಯಾವ ಹೆಂಡತಿಯಾದರೂ ಯಾವ ದಿನವಾದರೂ ಹೇಳುವ ದನಿಯಲ್ಲಿ ಓಕಾದಾ-ಸಾನ್ ಹೇಳಿದರು:

"ಈಗಷ್ಟೇ ಹೊರಗೆ ಹೋದರು. ಸೈಕಲ್ ತೆಗೆದುಕೊಂಡು."